ಉತ್ತರ ಹೇಳಬೇಡಿ, ವಿಚಾರಿಸಲು ಕಲಿಸಿ

ಪ್ರಶ್ನೆ: ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ ನಾನು. ‘ಮುಂದೇನು ಮಾಡ್ತೀರಿ?’ ಎಂದು ಕೇಳಿದರೆ ಹತ್ತನೇ ತರಗತಿಯ ಮಕ್ಕಳಿಂದ ಬರುವುದು ಮೂರೇ ಉತ್ತರ: ‘ಪೊಲೀಸ್ ಆಗ್ತೀನ್ರಿ ಟೀಚರ್’, ‘ಡಾಕ್ಟರ್ ಆಗ್ತೀನ್ರಿ’, ‘ನಮ್ಮಪ್ಪ ಹೇಳಿದ್ದ್ ಮಾಡ್ತೀನ್ರಿ’. ಫಲಿತಾಂಶ ಬಂದ ಮೇಲೆ ಗೆಳೆಯರು ಸೇರಿದ ಕಡೆ ಸೇರಿಬಿಡುತ್ತಾರೆ. ಹೆಣ್ಣುಮಕ್ಕಳನ್ನಂತೂ ಹತ್ತಿರದ ಕಾಲೇಜಿಗೆ ಕಳಿಸಿ ಪಾಲಕರು ಸುಮ್ಮನಾಗುತ್ತಾರೆ. ನನಗೆ ಗೊತ್ತಿರುವುದು ಬಿ.ಎ., ಬಿ.ಎಡ್. ದಾರಿ ಒಂದೇ. ಯಾವ ಕೋರ್ಸಿಗೆ ಮುಂದೆ ಕೆಲಸ ಇದೆ, ಯಾವುದಕ್ಕೆ ಇಲ್ಲ ಎಂದು ನನಗೇ ತಿಳಿಯದಿರುವಾಗ ಮಕ್ಕಳಿಗೆ ಹೇಗೆ ಮಾರ್ಗದರ್ಶನ ಮಾಡಲಿ?
– ಶಿಕ್ಷಕಿ, ಮುಂಡರಗಿ ತಾಲ್ಲೂಕು

ಉತ್ತರ: ಯಾವ ಕೋರ್ಸಿಗೆ ಕೆಲಸ ಗ್ಯಾರಂಟಿ ಎಂಬ ಪಟ್ಟಿ ನಿಮ್ಮ ಬಳಿ ಇಲ್ಲವೆಂದು ಕೊರಗಬೇಡಿ ಮೇಡಂ. ಅಂಥ ಪಟ್ಟಿ ಯಾರ ಬಳಿಯೂ ಇಲ್ಲ. ಇದೆ ಎನ್ನುವವರು ಬಹುತೇಕ ಯಾವುದೋ ಕಾಲೇಜಿನ ಸೀಟು ತುಂಬಿಸಲು ಬಂದವರು. ಕೇಂದ್ರ ಸರ್ಕಾರದ 2015ರ ಉದ್ಯೋಗ ವರ್ಗೀಕರಣವೇ ಸುಮಾರು 3,600 ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ಅಷ್ಟನ್ನೂ ತಿಳಿದ ಶಿಕ್ಷಕರು ಇರಲಾರರು. ಒಂದು ಕೆಲಸದ ಬಗ್ಗೆ ಸರಿಯಾಗಿ ವಿಚಾರಿಸುವುದು ಹೇಗೆ ಎಂಬುದನ್ನು ಮಾತ್ರ ನೀವು ಕಲಿಸಬಹುದು, ಅದಕ್ಕೆ ನಿಮ್ಮ ಬಿ.ಎಡ್. ಧಾರಾಳ ಸಾಕು.

ಊರಿನಿಂದಲೇ ಶುರು ಮಾಡಿ. ನಿಮ್ಮ ಭಾಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಅವು ಕೆಟ್ಟರೆ ಹತ್ತಿ ರಿಪೇರಿ ಮಾಡುವವರು ಯಾರು, ಅವರು ಏನು ಓದಿದ್ದಾರೆ ಎಂದು ಎಷ್ಟು ಮಕ್ಕಳು ಕೇಳಿದ್ದಾರೆ? ಐಟಿಐ ಎಲೆಕ್ಟ್ರಿಷಿಯನ್ ಅಥವಾ ಡಿಪ್ಲೊಮಾ ಮಾಡಿದವರಿಗೆ, ಎತ್ತರಕ್ಕೆ ಹೆದರದವರಿಗೆ ಅದೊಂದು ಉದ್ಯೋಗ. ‘ಡಾಕ್ಟರ್’ ಎನ್ನುವ ಹುಡುಗಿ ಗದಗಿನ ಜಿಲ್ಲಾ ಆಸ್ಪತ್ರೆಗೆ ಹೋದರೆ ಅಲ್ಲಿ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವರು, ಫಾರ್ಮಸಿಸ್ಟ್ ಎಲ್ಲರೂ ಕಾಣುತ್ತಾರೆ. ನೀಟ್‌ನಲ್ಲಿ ರ್‍ಯಾಂಕ್ ಬಾರದಿದ್ದರೆ ಆಸ್ಪತ್ರೆಯ ಬಾಗಿಲೇ ಮುಚ್ಚಿತು ಎಂಬ ಭ್ರಮೆ ಅಲ್ಲೇ ಹೋಗುತ್ತದೆ.

ಪ್ರತಿ ಮಗುವೂ ಕೆಲಸದಲ್ಲಿರುವ ಇಬ್ಬರನ್ನು ಮಾತಾಡಿಸಿ ಬರಲಿ. ಕೇಳಬೇಕಾದ ಪ್ರಶ್ನೆಗಳನ್ನು ನೀವೇ ಬರೆಸಿ. ಈ ಕೆಲಸಕ್ಕೆ ಏನು ಓದಿದಿರಿ, ಎಷ್ಟು ಖರ್ಚಾಯಿತು? ಮೊದಲ ತಿಂಗಳ ಸಂಬಳ ಎಷ್ಟಿತ್ತು, ಐದು ವರ್ಷದ ನಂತರ ಎಷ್ಟಾಯಿತು? ಕೆಲಸ ಕಾಯಮೋ ಗುತ್ತಿಗೆಯೋ? ಬೇಸರ ತರುವ ಭಾಗ ಯಾವುದು? ಕೊನೆಯದು ಎಲ್ಲಕ್ಕಿಂತ ಮುಖ್ಯ: ನಿಮ್ಮ ಜೊತೆ ಓದಿದವರಲ್ಲಿ ಎಷ್ಟು ಜನ ಇದೇ ಕೆಲಸದಲ್ಲಿದ್ದಾರೆ? ಗೆದ್ದವರೊಬ್ಬರ ಕಥೆ ಕೇಳಿದರೆ ಎಲ್ಲ ಕೋರ್ಸೂ ಚಿನ್ನದಂತೆಯೇ ಕಾಣುತ್ತದೆ. ಜೊತೆಗೆ ಓದಿದ ಉಳಿದವರು ಏನಾದರು ಎಂದು ಕೇಳಿದಾಗಲೇ ಆ ಕ್ಷೇತ್ರದ ನಿಜಸ್ಥಿತಿ ಹೊರಗೆ ಬರುವುದು.

ಎರಡನೆಯ ಪಾಠ, ಅಧಿಸೂಚನೆ ಓದುವುದು. ಮಕ್ಕಳು ಮೊದಲು ಕೋರ್ಸ್ ಹಿಡಿದು ಆಮೇಲೆ ಕೆಲಸ ಹುಡುಕುತ್ತಾರೆ. ನೀವು ಕೆಲಸದ ಅಧಿಸೂಚನೆಯನ್ನು ಮುಂದಿಟ್ಟು ಅಲ್ಲಿಂದ ಹಿಂದಕ್ಕೆ ನಡೆಸಿ. ‘ಪೊಲೀಸ್’ ಎನ್ನುವ ಹುಡುಗನಿಗೆ ಈ ಹಿಂದಿನ ನೇಮಕಾತಿ ಅಧಿಸೂಚನೆಯ ಪ್ರತಿ ಕೊಡಿ. ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಬೇಕು, ಸಶಸ್ತ್ರ ಮೀಸಲು ಪಡೆಗೆ ಎಸ್ಸೆಸ್ಸೆಲ್ಸಿ ಸಾಕು, ಗಂಡಸರಿಗೆ 168 ಸೆಂ.ಮೀ. ಎತ್ತರ, ಹೆಂಗಸರಿಗೆ 157 ಸೆಂ.ಮೀ. ಎಂಬುದನ್ನೆಲ್ಲ ಅವನೇ ಹುಡುಕಿ ಹೇಳಲಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿಯ ಜೊತೆ ಐಟಿಐ ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ ಕೇಳುತ್ತಾರೆ. ಬರೀ ಪಿಯುಸಿ ಕಲಾ ವಿಭಾಗ ಮುಗಿಸಿದವರು ಅರ್ಜಿಯನ್ನೇ ಹಾಕುವಂತಿಲ್ಲ. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇದ್ದೂ ಇದು ನಮ್ಮ ಎಷ್ಟೋ ಮಕ್ಕಳಿಗೆ ತಿಳಿಯುವುದು ಡಿಗ್ರಿ ಮುಗಿದ ಮೇಲೆ. ಅಧಿಸೂಚನೆಯಲ್ಲಿ ಹುದ್ದೆ ಎಷ್ಟಿವೆ, ಅದಕ್ಕೂ ಹಿಂದೆ ನೇಮಕಾತಿ ನಡೆದದ್ದು ಯಾವಾಗ ಎಂದೂ ನೋಡಿಸಿ. ಸರ್ಕಾರಿ ನೌಕರಿಯ ಆಸೆ ತಪ್ಪಲ್ಲ, ಆದರೆ ಹುದ್ದೆ ಕರೆಯುವವರೆಗೆ ಹೊಟ್ಟೆಪಾಡಿಗೆ ಏನು ಎಂಬುದಕ್ಕೂ ಉತ್ತರ ಇರಬೇಕು.

ಖಾಸಗಿ ಕೆಲಸಗಳಿಗೆ ಹುಬ್ಬಳ್ಳಿ–ಧಾರವಾಡ ಆವೃತ್ತಿಯ ಪತ್ರಿಕೆಗಳ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಒಂದು ತಿಂಗಳು ಕತ್ತರಿಸಿ ಗೋಡೆಗೆ ಅಂಟಿಸಿ. ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣವನ್ನು ಶಾಲೆಯ ಕಂಪ್ಯೂಟರಿನಲ್ಲಿ ತೆರೆದು, ಜಿಲ್ಲಾವಾರು ಯಾವ ಕೆಲಸಗಳಿವೆ ಎಂದು ತೋರಿಸಿ. ಹತ್ತು ವರ್ಷದ ನಂತರದ ಭವಿಷ್ಯ ನುಡಿಯುವ ವಿಡಿಯೊಗಳಿಗಿಂತ ಈಗ ಯಾರು, ಯಾವ ಅರ್ಹತೆಗೆ, ಎಷ್ಟು ಸಂಬಳ ಕೊಡುತ್ತಿದ್ದಾರೆ ಎಂಬ ಮಾಹಿತಿ ಹೆಚ್ಚು ನಂಬಿಕೆಯದು.

ಮೂರನೆಯದು, ಕಾಲೇಜುಗಳ ಬಣ್ಣದ ಕರಪತ್ರ. ‘ಗರಿಷ್ಠ ಪ್ಯಾಕೇಜ್ 30 ಲಕ್ಷ’ ಎಂದು ದಪ್ಪಕ್ಷರದಲ್ಲಿರುತ್ತದೆ. ಇದನ್ನು ಗಣಿತದ ಪೀರಿಯಡ್ಡಿನಲ್ಲಿ ಬಿಡಿಸಿ. ಒಂಬತ್ತು ಜನರಿಗೆ 3 ಲಕ್ಷ, ಒಬ್ಬನಿಗೆ 30 ಲಕ್ಷ ಸಿಕ್ಕರೆ ಸರಾಸರಿ 5.7 ಲಕ್ಷ, ಮಧ್ಯಾಂಕ 3 ಲಕ್ಷ. ನಿಮ್ಮ ವಿದ್ಯಾರ್ಥಿಗೆ ಸಿಗುವ ಸಂಭವ ಹೆಚ್ಚಿರುವುದು ಆ 3 ಲಕ್ಷ. ರಾಷ್ಟ್ರೀಯ ರ್‍ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸುವ ಕಾಲೇಜುಗಳು ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಎಂದು ಲೆಕ್ಕ ಕೊಡುತ್ತವೆ. ಅದು ಕಾಲೇಜುಗಳೇ ಕೊಟ್ಟ ಲೆಕ್ಕ, ಎಲ್ಲ ಕಾಲೇಜುಗಳದ್ದೂ ಅಲ್ಲಿರುವುದಿಲ್ಲ. ಆದರೂ ಕರಪತ್ರಕ್ಕಿಂತ ವಾಸಿ. ತರಗತಿಯಲ್ಲಿ ಒಟ್ಟು ಎಷ್ಟು ಜನ ಇದ್ದರು ಎಂಬ ಪ್ರಶ್ನೆಯನ್ನು ಮರೆಯಬಾರದು. ಎಂಜಿನಿಯರಿಂಗ್ ಆದರೆ ಎಐಸಿಟಿಇ, ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ನೋಡಬೇಕು.

ಇನ್ನು, ಹದಿನೈದನೇ ವಯಸ್ಸಿನಲ್ಲಿ ಏನಾಗಬೇಕೆಂದು ತೀರ್ಮಾನಿಸುವುದು ಕಷ್ಟ. ಯಾವ ಆಯ್ಕೆಯಿಂದ ಯಾವ ದಾರಿ ಮುಚ್ಚುತ್ತದೆ ಎಂಬುದನ್ನಾದರೂ ಮಕ್ಕಳು ತಿಳಿದಿರಬೇಕು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಹಾಗಾಗಿ ಐಟಿಐ ಎಂದರೆ ದಡ್ಡರ ದಾರಿ ಎಂಬ ಮಾತು ನಿಮ್ಮ ಶಾಲೆಯಲ್ಲಿ ಕೇಳಿಸಬಾರದು. ಪಿಯುಸಿ ಕಲಾ ವಿಭಾಗದಿಂದ ಐದು ವರ್ಷದ ಕಾನೂನು ಪದವಿ, ಪತ್ರಿಕೋದ್ಯಮ, ಸಮಾಜಕಾರ್ಯ, ಕೆಎಎಸ್‌ವರೆಗೆ ದಾರಿಗಳಿವೆ. ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ ಸೇರಿದವರಿಗೆ ಇವು ಯಾವುವೂ ತಿಳಿದಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರ ಅಂಜಿಕೆಯನ್ನು ಭಾಷಣದಿಂದ ಹೋಗಲಾಡಿಸಲು ಆಗದು, ವಿವರ ಕೊಡಿ. 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತ. ಉಳಿದಿರುವುದು ಬಸ್ಸಿನ ಸಮಯ, ಹಾಸ್ಟೆಲ್, ಫೀ. ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಎಲ್ಲಿದೆ, ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಯಾವ ವಿದ್ಯಾರ್ಥಿವೇತನ ಸಿಗುತ್ತದೆ ಎಂದು ಮಗಳೇ ವಿಚಾರಿಸಿ ಬರೆದು ತಂದು ಓದಿ ಹೇಳಿದರೆ ಅಪ್ಪ ಕಿವಿಗೊಡುತ್ತಾನೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ಕೃಷಿ ಕೋರ್ಸ್‌ಗಳಲ್ಲಿ ರೈತರ ಮಕ್ಕಳಿಗೆ ಬೇರೆಯೇ ಕೋಟಾ ಇದೆ. ಇವುಗಳ ಪ್ರಮಾಣಪತ್ರಕ್ಕೆ ಮಕ್ಕಳು ಕೊನೆ ಗಳಿಗೆಯಲ್ಲಿ ಅಲೆಯದಂತೆ ಶಾಲೆಯಿಂದಲೇ ಮುಂಚಿತವಾಗಿ ತಿಳಿಸಿ.

ಕೊನೆಗೆ ಒಂದು ಕೋರಿಕೆ. ಇದನ್ನೆಲ್ಲ ಫಲಿತಾಂಶದ ನಂತರಕ್ಕೆ ಇಟ್ಟುಕೊಳ್ಳಬೇಡಿ. ಆಗ ಅರ್ಜಿ ಹಾಕಲು ಸಿಗುವುದು ಕೆಲವೇ ದಿನ, ಮಕ್ಕಳು ಗೆಳೆಯರ ಬೆನ್ನು ಹತ್ತುವುದು ಆಗಲೇ. ಒಂಬತ್ತನೇ ತರಗತಿಯಲ್ಲೇ ವಾರಕ್ಕೊಂದು ಪೀರಿಯಡ್ ತೆಗೆದಿಡಿ. ಹತ್ತನೇ ತರಗತಿಯ ಪರೀಕ್ಷೆಗೆ ಮೊದಲು ಪ್ರತಿ ಮಗುವಿನ ಕೈಯಲ್ಲೂ ಎರಡು ಉದ್ಯೋಗಗಳ ವಿವರ ಬರೆದ ಒಂದು ಹಾಳೆ ಇರಲಿ: ಮೊದಲ ಆಸೆ ಒಂದು, ಅದು ಕೈಗೂಡದಿದ್ದರೆ ಇನ್ನೊಂದು. ಆ ಹಾಳೆಯಲ್ಲಿ ಮಗು ತಾನೇ ಕೇಳಿ ತಿಳಿದದ್ದು ಮಾತ್ರ ಇರಲಿ, ನೀವು ಬರೆಸಿದ್ದು ಬೇಡ.