ಕೆಟ್ಟ ವರ್ಷಕ್ಕೂ ಬರೆದಿಡು

ಚಿ. ಪುಟ್ಟಿ,

ನಿಮ್ಮ ಕಂಪನಿಯ ಎಂ.ಡಿ. ಮತ್ತು ಇತರ ಹಿರಿಯ ಅಧಿಕಾರಿಗಳಿಗೆ ದೀರ್ಘಾವಧಿ ಪ್ರೋತ್ಸಾಹಧನದ ಯೋಜನೆಯ ಕರಡು ಬರೆಯುವ ಕೆಲಸ ನಿನಗೆ ಬಂದಿದೆ ಎಂದು ಕೇಳಿ ಖುಷಿಯಾಯಿತು. "ಕನ್ಸಲ್ಟೆಂಟ್ ಕಳಿಸಿದ ಸ್ಲೈಡುಗಳಲ್ಲಿ ಎಲ್ಲಾ ಇದೆ ದೊಡ್ಡಪ್ಪ, ಯಾಕೆ ಅನ್ನೋದೊಂದು ಇಲ್ಲ" ಅಂದೆಯಲ್ಲ, ಆ ಮಾತಿಗೇ ಈ ಕಾಗದ. ಕಂಪನಿ ಸೆಕ್ರೆಟರಿಯಾಗಿ ಸಂಭಾವನಾ ಸಮಿತಿಯ ಮೂಲೆಯಲ್ಲಿ ಕೂತು ಮಿನಿಟ್ಸ್ ಬರೆದವನು ನಾನು. ಮಾತಾಡುವ ಅಧಿಕಾರ ಇರಲಿಲ್ಲ. ಹಾಗಾಗಿ ಕೇಳಿಸಿಕೊಂಡದ್ದು ಜಾಸ್ತಿ.

ಮೊದಲು ಮೂಲ ವಿಷಯ. ಸಂಬಳ ಈ ತಿಂಗಳ ಕೆಲಸಕ್ಕೆ, ಬೋನಸ್ಸು ಈ ವರ್ಷದ ಕೆಲಸಕ್ಕೆ. ಆದರೆ ಎಂ.ಡಿ. ಇವತ್ತು ಹೊಸ ಕಾರ್ಖಾನೆಗೆ ಸಹಿ ಹಾಕಿದರೆ ಅದು ಸರಿಯೋ ತಪ್ಪೋ ಗೊತ್ತಾಗಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಆತ ಇನ್ನೊಂದು ಕಂಪನಿಯ ಕುರ್ಚಿಯಲ್ಲಿರಬಹುದು. ಈ ಅಂತರವನ್ನು ಮುಚ್ಚುವುದಕ್ಕೇ ಷೇರು ಕೊಡುವುದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಗೆ ಪೇಟೆಗೆ ಬಂದ ಇನ್ಫೋಸಿಸ್, ಮರುವರ್ಷವೇ ನೌಕರರಿಗೆ ಷೇರು ಕೊಡುವ ಇಸಾಪ್ ಯೋಜನೆ ತಂದಿತು. ಆ ಷೇರು ಮಾರಿ ಮನೆ ಕಟ್ಟಿದವರ ಕಥೆಗಳು ಜಯನಗರದಲ್ಲಿ ಈಗಲೂ ಸಿಗುತ್ತವೆ.

ಆದರೆ ಎಲ್ಲ ಷೇರೂ ಒಂದೇ ಥರ ಕೆಲಸ ಮಾಡುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ಪೇಟೆಯಲ್ಲಿ ಷೇರು 100 ರೂಪಾಯಿ ಇದ್ದಾಗ 100 ರೂಪಾಯಿಗೇ ಕೊಳ್ಳುವ ಆಪ್ಷನ್ ಕೊಟ್ಟೆ ಅಂದುಕೋ. ಬೆಲೆ 160 ಆದರೆ ಅಧಿಕಾರಿಗೆ 60 ಲಾಭ. 60ಕ್ಕೆ ಇಳಿದರೆ ಸೊನ್ನೆ, ಆದರೆ ಕೈಯಿಂದ ಹೋದದ್ದೇನೂ ಇಲ್ಲ. ಅದೇ ಆರ್‌ಎಸ್‌ಯು, ಅಂದರೆ ಷರತ್ತು ಪೂರೈಸಿದ ಮೇಲೆ ಕೈಗೆ ಬರುವ ಷೇರು, ಆದರೆ ಅಧಿಕಾರಿ ಮುಖಬೆಲೆ ಮಾತ್ರ ಕೊಡುತ್ತಾನೆ, 5 ರೂಪಾಯಿ ಅನ್ನು. ಬೆಲೆ 60ಕ್ಕೆ ಕುಸಿದು ಷೇರುದಾರರು ಬಾಯಿ ಬಡಿದುಕೊಳ್ಳುವಾಗಲೂ ಅವನಿಗೆ 55 ಉಳಿಯುತ್ತದೆ. ನಿಮ್ಮ ತಾತ ಹೊಲ ವಾರಕ್ಕೆ ಕೊಡುತ್ತಿದ್ದಾಗ ಮಳೆ ಕೈಕೊಟ್ಟ ವರ್ಷ ಇಬ್ಬರ ಕಣಜವೂ ಅರ್ಧಂಬರ್ಧ ಇರುತ್ತಿತ್ತು. ಆಪ್ಷನ್ ಇಟ್ಟುಕೊಂಡವನು ಒಳ್ಳೆ ಬೆಳೆಯಲ್ಲಿ ಮಾತ್ರ ಪಾಲುದಾರ. ಆರ್‌ಎಸ್‌ಯು ಇಟ್ಟುಕೊಂಡವನಿಗೆ ನಷ್ಟದ ಬಿಸಿ ತಟ್ಟುತ್ತದೆ, ಆದರೆ ಸುಮ್ಮನೆ ಕೂತಿದ್ದಕ್ಕೂ ಪಾಲು ಬರುತ್ತದೆ. ಮೂರು ವರ್ಷ ಕೆಲಸ ಬಿಡದೆ ಇದ್ದರೆ ಸಾಕು ಅನ್ನುವ ಆರ್‌ಎಸ್‌ಯುವನ್ನು ಪ್ರೋತ್ಸಾಹಧನ ಎಂದು ಕರೆಯಲು ನನಗಂತೂ ಮನಸ್ಸಿಲ್ಲ. ಅದು ಉಳಿಸಿಕೊಳ್ಳುವ ದುಡ್ಡು. ಬೇಕಾದರೆ ಕೊಡಿ, ಆದರೆ ಕರಡಿನಲ್ಲಿ ಹಾಗೆಂದೇ ಬರೆ.

ಈ ಕಾರಣಕ್ಕೇ ದೊಡ್ಡ ಕಂಪನಿಗಳು ಒಂದು ಭಾಗವನ್ನು ಸಾಧನೆಗೆ ಕಟ್ಟಿಹಾಕುತ್ತವೆ. ಇನ್ಫೋಸಿಸ್‌ನ 2019ರ ಯೋಜನೆ ತೆಗೆದು ನೋಡು. ಅಲ್ಲಿ ಅಳತೆಗೋಲು ಷೇರಿನ ಬೆಲೆಯೊಂದೇ ಅಲ್ಲ. ಷೇರುದಾರನಿಗೆ ಬಂದ ಒಟ್ಟು ಗಳಿಕೆ, ಅಂದರೆ ಬೆಲೆ ಏರಿಕೆ ಮತ್ತು ಲಾಭಾಂಶ ಎರಡೂ ಸೇರಿ, ಅದೇ ಉದ್ಯಮದ ಬೇರೆ ಕಂಪನಿಗಳಿಗಿಂತ, ದೇಶವಿದೇಶದ ಸೂಚ್ಯಂಕಗಳಿಗಿಂತ ಹೇಗಿದೆ ಎಂದು ನೋಡುತ್ತಾರೆ. ಜತೆಗೆ ಕಂಪನಿಯ ಕಾರ್ಯನಿರ್ವಹಣೆಯ ಗುರಿಗಳೂ ಇವೆ. ಸೆನ್ಸೆಕ್ಸ್ ಏರಿದಾಗ ಎಲ್ಲರ ಷೇರೂ ಏರುತ್ತದೆ, ಅದಕ್ಕೆಲ್ಲ ಎಂ.ಡಿ.ಗೆ ಬಹುಮಾನ ಯಾಕೆ ಅನ್ನುವ ಪ್ರಶ್ನೆಗೆ ಇದು ಉತ್ತರ.

ಆಟ ನಡೆಯುವುದೂ ಇಲ್ಲೇ. ಹೋಲಿಕೆಗೆ ಯಾವ ಕಂಪನಿಗಳನ್ನು ಆರಿಸುತ್ತೀರಿ? ನಾನಿದ್ದ ಒಂದು ಸಭೆಯಲ್ಲಿ ಹನ್ನೆರಡು ಕಂಪನಿಗಳ ಪಟ್ಟಿ ಬಂತು. ಸಮಿತಿಯ ಅಧ್ಯಕ್ಷರಾಗಿದ್ದ ಹಿರಿಯ ಲೆಕ್ಕಪರಿಶೋಧಕಿ ಕನ್ನಡಕ ಮೇಲೇರಿಸಿ, ಪೆನ್ಸಿಲ್ಲಿನಿಂದ ಒಂದೊಂದೇ ಹೆಸರಿನ ಎದುರು ಟಿಕ್ ಹಾಕುತ್ತ ಹೋದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹೋದ ಸಲದ ಪಟ್ಟಿಯಲ್ಲಿದ್ದ ಮೂರು ಕಂಪನಿ ಎಲ್ಲಿ?" ಆ ಮೂರೂ ನಮಗಿಂತ ಚೆನ್ನಾಗಿ ಬೆಳೆದಿದ್ದವು. ಕನ್ಸಲ್ಟೆಂಟ್ ಮಹಾಶಯರು ವ್ಯಾಪಾರದ ಸ್ವರೂಪ ಬದಲಾಗಿದೆ ಎಂದು ಏನೇನೋ ಹೇಳಿದರು. ಪಟ್ಟಿ ವಾಪಸ್ ಹೋಯಿತು. ಮಿನಿಟ್ಸ್‌ನಲ್ಲಿ ನಾನು ಬರೆದದ್ದು "ಚರ್ಚೆಯ ನಂತರ ಪರಿಷ್ಕರಿಸಲು ಸೂಚಿಸಲಾಯಿತು" ಎಂದಷ್ಟೇ. ನಿನ್ನ ಕರಡಿನಲ್ಲಿ ಹೋಲಿಕೆಯ ಕಂಪನಿಗಳ ಹೆಸರು ಮೊದಲೇ ಇರಲಿ. ಒಂದನ್ನು ತೆಗೆಯಬೇಕಾದರೆ ಯಾವ ಕಾರಣಕ್ಕೆ ತೆಗೆಯಬಹುದು ಎನ್ನುವುದೂ ಇರಲಿ.

ಗುರಿಗಳು ಎರಡು, ಹೆಚ್ಚೆಂದರೆ ಮೂರು. ಎಂಟು ಹತ್ತು ಇಟ್ಟರೆ ಯಾವುದಾದರೂ ಒಂದರಲ್ಲಿ ಪಾಸಾಗದವರು ಯಾರಿದ್ದಾರೆ? ಬರೀ ಪ್ರತಿಷೇರು ಗಳಿಕೆ ಇಟ್ಟರೆ ಕಂಪನಿ ತನ್ನ ಷೇರನ್ನು ತಾನೇ ಮರುಖರೀದಿಸಿ ಆ ಅಂಕಿ ಏರಿಸಿಕೊಳ್ಳಬಹುದು. ಬರೀ ಮಾರಾಟದ ಬೆಳವಣಿಗೆ ಇಟ್ಟರೆ ಸಾಲ ಮಾಡಿ ಸಿಕ್ಕಿದ ಕಂಪನಿಯನ್ನೆಲ್ಲ ಕೊಂಡುಹಾಕುತ್ತಾರೆ. ಹೂಡಿದ ಬಂಡವಾಳಕ್ಕೆ ಬಂದ ಪ್ರತಿಫಲವನ್ನು ಜತೆಗಿಟ್ಟರೆ ಎರಡಕ್ಕೂ ಲಗಾಮು ಬೀಳುತ್ತದೆ.

ಕಾನೂನಿನ ಬೇಲಿ ನಿನಗೆ ಗೊತ್ತೇ ಇದೆ. 2013ರ ಕಂಪನಿ ಕಾಯ್ದೆಯಲ್ಲಿ ಸಾರ್ವಜನಿಕ ಕಂಪನಿಯ ಎಲ್ಲ ನಿರ್ದೇಶಕರ ಸಂಭಾವನೆ ಸೇರಿ ನಿವ್ವಳ ಲಾಭದ ಶೇ 11, ಒಬ್ಬರೇ ಎಂ.ಡಿ. ಇದ್ದರೆ ಅವರಿಗೆ ಶೇ 5, ಇದು ಮಿತಿ. ಮೀರಬೇಕಾದರೆ ಷೇರುದಾರರ ಒಪ್ಪಿಗೆ ಬೇಕು. ಷೇರುಪೇಟೆಯ ನಿಯಂತ್ರಕ ಸೆಬಿಯ 2021ರ ನಿಯಮದಂತೆ ಆಪ್ಷನ್ ಕೊಟ್ಟ ಒಂದು ವರ್ಷದೊಳಗೆ ವೆಸ್ಟಿಂಗ್, ಅಂದರೆ ಆಪ್ಷನ್ ಕೈವಶವಾಗುವುದು, ಇಲ್ಲ, ಪ್ರವರ್ತಕರಿಗೂ ಸ್ವತಂತ್ರ ನಿರ್ದೇಶಕರಿಗೂ ಆಪ್ಷನ್ನೇ ಇಲ್ಲ. ತೆರಿಗೆಯ ತಲೆನೋವು ಫೈನಾನ್ಸ್‌ನವರಿಗೆ ಬಿಡು.

ನಿಜವಾದ ಕಸುಬು ತಿಳಿಯಬೇಕಾದರೆ ಬ್ಯಾಂಕುಗಳ ಕಡೆ ನೋಡು. ರಿಸರ್ವ್ ಬ್ಯಾಂಕು 2019ರ ನವೆಂಬರ್‌ನಲ್ಲಿ ಹೊರಡಿಸಿ ಮುಂದಿನ ಏಪ್ರಿಲ್‌ನಿಂದ ಜಾರಿಗೆ ತಂದ ಮಾರ್ಗಸೂಚಿ ಪ್ರಕಾರ ಖಾಸಗಿ ಬ್ಯಾಂಕಿನ ಮುಖ್ಯಸ್ಥರ ಸಂಭಾವನೆಯಲ್ಲಿ ಕನಿಷ್ಠ ಅರ್ಧ, ಸಾಧನೆ ನೋಡಿ ಕೊಡುವಂಥದ್ದಾಗಿರಬೇಕು. ಆ ಭಾಗದಲ್ಲೂ ಕನಿಷ್ಠ ಶೇ 60ನ್ನು ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಮುಂದೂಡಬೇಕು. ಸಾಲದ ಪುಸ್ತಕ ಕೊಳೆತದ್ದು ಹೊರಬಿದ್ದರೆ ಇನ್ನೂ ಕೊಡದೆ ಉಳಿದದ್ದನ್ನು ತಡೆಹಿಡಿಯಲು ಮಾಲಸ್, ಕೊಟ್ಟದ್ದನ್ನು ವಸೂಲು ಮಾಡಲು ಕ್ಲಾಬ್ಯಾಕ್. ಬ್ಯಾಂಕಿನಲ್ಲಿ ಲಾಭ ಇವತ್ತು ಕಾಣುತ್ತದೆ, ನಷ್ಟ ತಡವಾಗಿ ಬರುತ್ತದೆ. ನಿಮ್ಮದು ಬ್ಯಾಂಕಲ್ಲದಿರಬಹುದು, ಆದರೂ ಈ ಎರಡು ಷರತ್ತು ನಕಲು ಮಾಡಿಕೊಂಡರೆ ನಾಚಿಕೆಯೇನಿಲ್ಲ. ಹಾಗೆಂದು ಕ್ಲಾಬ್ಯಾಕ್ ಮೇಲೇ ಭಾರ ಹಾಕಬೇಡ. ಒಮ್ಮೆ ಖಾತೆಗೆ ಹೋಗಿ, ತೆರಿಗೆಯೂ ಕಟ್ಟಿಯಾದ ದುಡ್ಡನ್ನು ವಾಪಸ್ ತರುವುದೆಂದರೆ ಕೋರ್ಟಿನ ಮೆಟ್ಟಿಲೇ. ತಡೆಹಿಡಿಯುವುದು ಎಷ್ಟೋ ಸುಲಭ.

ಯೋಜನೆ ಕೆಡುವುದು ಮಾತ್ರ ಬರೆಯುವಾಗಲ್ಲ, ಬೆಲೆ ಬಿದ್ದಾಗ. 2000ದ ನಂತರ ಸಾಫ್ಟ್‌ವೇರ್ ಷೇರುಗಳು ಕುಸಿದಾಗ ಎಷ್ಟೋ ಜನರ ಆಪ್ಷನ್ ಕಾಗದ ಕಾಗದವಾಗಿಯೇ ಉಳಿಯಿತು. ಅಂಥ ಹೊತ್ತಿನಲ್ಲಿ ಸಮಿತಿಯ ಮುಂದೆ ಒಂದು ಟಿಪ್ಪಣಿ ಬರುತ್ತದೆ: ಗುರಿ ಸ್ವಲ್ಪ ಇಳಿಸೋಣ, ಒಳ್ಳೆಯವರು ಬಿಟ್ಟುಹೋಗುತ್ತಾರೆ. ಷೇರುದಾರರ ವಿಶೇಷ ನಿರ್ಣಯವಿದ್ದರೆ ಆಪ್ಷನ್ನಿನ ಬೆಲೆ ಇಳಿಸಲು ಸೆಬಿ ಅವಕಾಶ ಕೊಟ್ಟಿದೆ, ಸುಳ್ಳಲ್ಲ. ಕೆಳಗಿನ ಎಂಜಿನಿಯರುಗಳಿಗೆ ಮಾಡಿದರೆ ನಾನು ಬೇಡ ಅನ್ನುವುದಿಲ್ಲ. ಕಂಪನಿಯ ದಿಕ್ಕು ಅವರ ಕೈಯಲ್ಲಿರಲಿಲ್ಲ. ಆದರೆ ಮೇಲಿನವರಿಗೆ? ಪೆಟ್ಟು ತಿಂದ ಷೇರುದಾರನಿಗೆ ಹಳೆಯ ಬೆಲೆ ಯಾರು ವಾಪಸ್ ಕೊಡುತ್ತಾರೆ? ಗುರಿ ತಪ್ಪಿದರೆ ಎಷ್ಟು ಸಿಗುತ್ತದೆ, ಯಾರೂ ಊಹಿಸದ ಆಪತ್ತು ಬಂದರೆ ಯಾವ ಅಂಕಿಯನ್ನು ಎಷ್ಟರ ಮಟ್ಟಿಗೆ ತಿದ್ದಬಹುದು, ಇದನ್ನೆಲ್ಲ ಷೇರಿನ ಬೆಲೆ ಚೆನ್ನಾಗಿರುವಾಗಲೇ ಬರೆದಿಡು. ಈಗ ಯಾರೂ ಜಗಳ ಆಡುವುದಿಲ್ಲ.

ಇನ್ನೊಂದು. ನಿವೃತ್ತಿಯ ಷರತ್ತು ಎರಡೆರಡು ಸಲ ಓದು. ರಾಜೀನಾಮೆ ಕೊಟ್ಟವನ ವೆಸ್ಟ್ ಆಗದ ಆಪ್ಷನ್ ಅಲ್ಲಿಗೆ ಮುಗಿಯುತ್ತದೆ. ನಿವೃತ್ತನದು ಕಂಪನಿಯ ನೀತಿಯಂತೆ ಮುಂದುವರಿಯಬಹುದು. ರಾಜೀನಾಮೆಗೆ ನಿವೃತ್ತಿಯ ಬಟ್ಟೆ ತೊಡಿಸಿದ ಕಾಗದಪತ್ರ ನಾನು ನೋಡಿದ್ದೇನೆ. ಯಾವ ವಯಸ್ಸು, ಎಷ್ಟು ವರ್ಷದ ಸೇವೆ, ಪ್ರತಿಸ್ಪರ್ಧಿ ಕಂಪನಿ ಸೇರಿದರೆ ಏನು, ಮೂರನ್ನೂ ಬಿಡಿಸಿ ಬರೆ. ಕರಡು ಹೊರಗಡೆಯವರಿಗೆ ತೋರಿಸುವಂಥದ್ದಲ್ಲ, ನನಗೂ ಕಳಿಸಬೇಡ. ಹೆಸರು ಅಂಕಿ ಇಲ್ಲದೆ ಅನುಮಾನ ಏನಾದರೂ ಇದ್ದರೆ ಭಾನುವಾರ ಬೆಳಿಗ್ಗೆ ಫೋನ್ ಮಾಡು, ಹತ್ತರ ಮೇಲೆ. ಅದಕ್ಕೆ ಮುಂಚೆ ನಾನು ವಾಕಿಂಗ್‌ನಲ್ಲಿರುತ್ತೇನೆ.

ಇತಿ,
ನಿನ್ನ ಪ್ರೀತಿಯ ದೊಡ್ಡಪ್ಪ