ಟೈರಿಗೂ ವಯಸ್ಸುಂಟು
ದೆಹಲಿಯ ಕನ್ನಡಿಗರೇ, ಟೈರು ಬದಲಿಸುವ ಮುಂಚೆ ಕಾರಿನ ವಯಸ್ಸು ನೋಡಿ. ಇಲ್ಲಿ ಹಳೆಯ ಡೀಸೆಲ್ ಗಾಡಿಗೆ 10, ಪೆಟ್ರೋಲಿಗೆ 15 ವರ್ಷವೆಂಬ ತೂಗುಗತ್ತಿ ಇದೆ. ಸದ್ಯದಲ್ಲೇ ಮಾರುವ ಗಾಡಿಗೆ ದುಬಾರಿ ವಿದೇಶಿ ಬ್ರ್ಯಾಂಡ್ ಯಾಕೆ? ಅದೇ ಅಳತೆಯ ದೇಶಿ ಟೈರು ಧಾರಾಳವಾಯಿತು.

ಅಂಗಡಿಯವನು ಭಾರಿ ರಿಯಾಯಿತಿ ಅಂದನೋ, ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ. 2325 ಎಂದಿದ್ದರೆ 2025ರ 23ನೇ ವಾರದ ಸರಕು. ವರ್ಷ ದಾಟಿದ್ದರೆ ಚೌಕಾಸಿ ಮಾಡಿ. ಮೂರು ದಾಟಿದ್ದರೆ ನಾನಂತೂ ಮುಟ್ಟುವುದಿಲ್ಲ.

ಎರಡಕ್ಕೇ ದುಡ್ಡಿದ್ದರೆ ಹೊಸವನ್ನು ಹಿಂದಕ್ಕೇ ಹಾಕಿಸಿ. ಮಳೆಯಲ್ಲಿ ಕಾರಿನ ಹಿಂಭಾಗ ಜಾರಿದರೆ ಸಂಭಾಳಿಸುವುದು ಕಷ್ಟ. ಸೆಕೆಂಡ್ ಹ್ಯಾಂಡ್ ಟೈರು ಮಾತ್ರ ಬೇಡ, ಮೇ ತಿಂಗಳಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತುವವರಿಗಂತೂ ಬೇಡವೇ ಬೇಡ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರು ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.