ಎಲೆಕ್ಟ್ರಾನ್ ಉತ್ಸರ್ಜನೆ ಮತ್ತು ಮೇಲ್ಮೈ ಅಧ್ಯಯನ: ಮುಖ್ಯಾಂಶಗಳು

(ದ್ವಿತೀಯ ಪಿಯುಸಿಯಿಂದ ಎಂ.ಎಸ್‌ಸಿ.ವರೆಗೆ)

• ಕಾರ್ಯಫಲನ: ಲೋಹದಿಂದ ಎಲೆಕ್ಟ್ರಾನನ್ನು ಹೊರತರಲು ಬೇಕಾದ ಕನಿಷ್ಠ ಶಕ್ತಿ. ಸೀಸಿಯಂಗೆ 2.14 ಇವಿ (ಎಲೆಕ್ಟ್ರಾನ್ ವೋಲ್ಟ್), ಪ್ಲಾಟಿನಂಗೆ 5.65 ಇವಿ.

• ಸೂತ್ರ: ಬಂಧನ ಶಕ್ತಿ = ಫೋಟಾನಿನ ಶಕ್ತಿ − ಎಲೆಕ್ಟ್ರಾನಿನ ಚಲನಶಕ್ತಿ − ಕಾರ್ಯಫಲನ. ಇದರ ಬೇರು ಐನ್‌ಸ್ಟೈನರ 1905ರ ದ್ಯುತಿವಿದ್ಯುತ್ ಸಮೀಕರಣದಲ್ಲಿದೆ. ಬಂಧನ ಶಕ್ತಿ ಧಾತುವಿನಿಂದ ಧಾತುವಿಗೆ ಬೇರೆ. ಹಾಗಾಗಿ ಅದನ್ನು ಅಳೆದರೆ ಧಾತು ಯಾವುದೆಂದು ತಿಳಿಯುತ್ತದೆ. ಈ ವಿಧಾನವನ್ನು ಬೆಳೆಸಿದ ಕಾಯ್ ಸೀಗ್‌ಬಾನ್‌ಗೆ 1981ರ ನೊಬೆಲ್.

• ಎಕ್ಸ್‌ಪಿಎಸ್ (ಕ್ಷ-ಕಿರಣ ದ್ಯುತಿ-ಎಲೆಕ್ಟ್ರಾನ್ ರೋಹಿತದರ್ಶನ): ಅಲ್ಯೂಮಿನಿಯಂನ 1486.6 ಇವಿ ಕ್ಷ-ಕಿರಣ, ಒಳಕವಚದ ಎಲೆಕ್ಟ್ರಾನುಗಳು. ಯುಪಿಎಸ್ (ಅತಿನೇರಳೆ ದ್ಯುತಿ-ಎಲೆಕ್ಟ್ರಾನ್ ರೋಹಿತದರ್ಶನ): ಹೀಲಿಯಂ ದೀಪದ 21.2 ಇವಿ, ವೇಲೆನ್ಸ್ ಪಟ್ಟಿ. ಆಗರ್ ಎಲೆಕ್ಟ್ರಾನ್ ರೋಹಿತದರ್ಶನ: ಇಲ್ಲಿ ಎಲೆಕ್ಟ್ರಾನಿನ ಚಲನಶಕ್ತಿ ಬಿದ್ದ ಫೋಟಾನಿನ ಶಕ್ತಿಯನ್ನು ಅವಲಂಬಿಸುವುದಿಲ್ಲ, ಜಲಜನಕ, ಹೀಲಿಯಂ ಕಾಣಿಸುವುದಿಲ್ಲ.

• ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ಕ್ಷ-ಕಿರಣ ಘನವಸ್ತುವಿನೊಳಗೆ ಮೈಕ್ರೋಮೀಟರುಗಟ್ಟಲೆ ಇಳಿಯುತ್ತದೆ. ಹಾಗಿದ್ದೂ ಎಕ್ಸ್‌ಪಿಎಸ್ ಮೇಲ್ಮೈಯ ವಿಧಾನ ಏಕೆ? ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನು ದಾರಿಯಲ್ಲೇ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಶಕ್ತಿ ಉಳಿಸಿಕೊಂಡು ಹೊರಬರುವವು ಮೇಲಿನ ಕೆಲವೇ ನ್ಯಾನೋಮೀಟರಿನವು. ಉತ್ತರದಲ್ಲಿ ಈ ಕಾರಣ ಬರೆಯದಿದ್ದರೆ ಅಂಕ ಸಿಗದು, ಸಿಗಲೂಬಾರದು.

• ಈ ಪ್ರಯೋಗಗಳಿಗೆ ಅತಿ-ನಿರ್ವಾತ ಬೇಕೇ ಬೇಕು. 10⁻⁶ ಟಾರ್ ಒತ್ತಡದಲ್ಲಿ ಸುಮಾರು ಒಂದೇ ಸೆಕೆಂಡಿನಲ್ಲಿ ಮೇಲ್ಮೈಯನ್ನು ಅನಿಲದ ಒಂದು ಪದರ ಮುಚ್ಚಬಲ್ಲದು. 10⁻¹⁰ ಟಾರ್‌ನಲ್ಲಿ ಎರಡೂವರೆ ಗಂಟೆಗೂ ಹೆಚ್ಚು ಕಾಲ ಸಿಗುತ್ತದೆ.

• ನಮ್ಮ ಬೆಂಗಳೂರಿನ ಉದಾಹರಣೆ: ರಾಜಾಜಿನಗರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಸವನಗುಡಿಯಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ 1976ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನ ವಿಭಾಗ ಕಟ್ಟಿದರು. 1987ರಲ್ಲಿ ಡಿ.ಡಿ. ಶರ್ಮಾ ಜೊತೆಗೂಡಿ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಅತಿವಾಹಕವನ್ನು ಎಕ್ಸ್‌ಪಿಎಸ್ ವಿಧಾನದಿಂದ ಪರೀಕ್ಷಿಸಿದರು. ಅದೇ ವಿಭಾಗದ ಎಂ.ಎಸ್. ಹೆಗ್ಡೆ ಅವರ ತಂಡ ವಾಹನದ ಹೊಗೆ ಶುದ್ಧೀಕರಿಸುವ ವೇಗವರ್ಧಕಕ್ಕಾಗಿ ಸೀರಿಯಂ ಆಕ್ಸೈಡಿನೊಳಗೆ ಪೆಲೇಡಿಯಂ ಸೇರಿಸಿತು. ಪೆಲೇಡಿಯಂ ಲೋಹದ ಕಣವಾಗಿ ಕೂತಿದೆಯೋ, ಅಯಾನಾಗಿಯೋ? ಲೋಹವಾದರೆ 3ಡಿ ಶೃಂಗ 335 ಇವಿ ಹತ್ತಿರ. ಅಯಾನಾದರೆ ಅದಕ್ಕಿಂತ ಸುಮಾರು 2 ಇವಿ ಮೇಲೆ. ಎಕ್ಸ್‌ಪಿಎಸ್ ತೋರಿಸಿದ್ದು +2 ಅಯಾನನ್ನು. ರಾಸಾಯನಿಕ ಸ್ಥಿತಿ ಬದಲಾದಂತೆ ಬಂಧನ ಶಕ್ತಿ ಸರಿಯುವ ಈ ‘ರಾಸಾಯನಿಕ ಪಲ್ಲಟ’ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

• ಕೆಂಗೇರಿ, ವಿಜಯನಗರ, ಬಸವೇಶ್ವರನಗರದ ವಿದ್ಯಾರ್ಥಿಗಳೇ, ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗಾಗಿ ನಡೆಸುವ ‘ಓಪನ್ ಡೇ’ಗೆ ತಪ್ಪದೆ ಹೋಗಿ, ಎಕ್ಸ್‌ಪಿಎಸ್ ಬಗ್ಗೆ ಅಲ್ಲಿನ ಸಂಶೋಧಕರನ್ನು ಕೇಳಿ.